ಎರಡು ಮನೆಗೆ ಒಂದೇ ಫಲಕ

ಅಜ್ಜಿ ಮತ್ತು ಮೊಮ್ಮಗಳು ಒಲೆಯ ಎರಡು ಬದಿಗೆ ಕೂತು ಉಣ್ಣೆಯಲ್ಲಿ ಸಿಕ್ಕಿಕೊಂಡ ಮುಳ್ಳುಗಳನ್ನು ಆರಿಸುತ್ತಿದ್ದರು. ಒಂದು ಹಿಡಿ ಉಣ್ಣೆ ತೆಗೆದುಕೊಳ್ಳುವುದು, ಬೆರಳಿನಿಂದ ಬಿಡಿಸುವುದು, ಸಿಕ್ಕ ಮುಳ್ಳನ್ನು ಹಳೆಯ ಕಾಫಿ ಡಬ್ಬಿಗೆ ಹಾಕುವುದು. ಟಿಣ್ ಎಂದು ಸಣ್ಣ ಸದ್ದು. ಮತ್ತೆ ಇನ್ನೊಂದು ಹಿಡಿ. ಹೊರಗೆ ಮೂರು ದಿನದಿಂದ ಗಾಳಿ ನಿಂತಿರಲಿಲ್ಲ. ಬಾಗಿಲ ಸಂದಿಯಿಂದ ನುಗ್ಗಿದ ಕೆಂಪು ಮರಳು ಹೊಸ್ತಿಲ ಒಳಗೆ ಗೆರೆ ಎಳೆದಂತೆ ಬಿದ್ದಿತ್ತು.

ರೋಲಾಂಡಾಳ ಕೈ ಉಣ್ಣೆಯಲ್ಲಿತ್ತು. ಕಣ್ಣು ಮಾತ್ರ ಅಕ್ಕನ ಕಾಲಿನ ಮೇಲೆ.

ಅಕ್ಕ ಶಾರ್ಲೀನ್ ಮಂಚದ ಮೇಲೆ ಒರಗಿದ್ದಳು. ಏಳು ತಿಂಗಳ ಬಸುರಿ. ಗಂಡ ದೂರದ ರಾಜ್ಯದಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ ಹೋಗಿದ್ದ. ಅಮ್ಮ ಪಟ್ಟಣದ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಹಾಗಾಗಿ ಹೆರಿಗೆಯ ತನಕ ಶಾರ್ಲೀನ್ ಅಜ್ಜಿಯ ಮನೆ ಸೇರಿದ್ದಳು. ಅವಳು ಕಾಲುಚೀಲ ಕಳಚಿ ಆಗಲೇ ಅರ್ಧ ಗಂಟೆಯಾಗಿತ್ತು. ಚೀಲದ ಅಂಚು ಒತ್ತಿದ ಗುರುತು ಮೀನಖಂಡದ ಸುತ್ತ ಇನ್ನೂ ಬಳೆಯ ಹಾಗೆ ಆಳವಾಗಿ ಉಳಿದಿತ್ತು.

ರೋಲಾಂಡಾ ಅದನ್ನು ನೋಡಿದಳು. ಹದಿನೈದಕ್ಕೆ ಶಾಲೆ ಬಿಟ್ಟು ಅಜ್ಜಿಯ ಕುರಿಗಳ ಜೊತೆ ನಿಂತವಳು ಅವಳು. ಈಗ ಇಪ್ಪತ್ತು. ಅವಳಿಗೆ ಎಲ್ಲವೂ ಕಾಣುತ್ತಿತ್ತು, ಕಂಡದ್ದು ಬಾಯಿಗೆ ಬರುತ್ತಿರಲಿಲ್ಲ. ಬರುವ ಬದಲು ಕಾಲಿಗೆ ಇಳಿಯುತ್ತಿತ್ತು: ಎದ್ದು ಕಿಟಕಿಗೆ ಹೋಗುವಳು, ನೀರಿನ ಬಕೆಟ್ ಮುಚ್ಚಿದೆಯೇ ನೋಡುವಳು, ಬಂದು ಕೂರುವಳು, ಮತ್ತೆ ಏಳುವಳು.

"ನಿನ್ನ ಕೆಳಗೆ ಇರುವೆ ಗೂಡಿದೆಯೇನೇ?" ಎಂದರು ಗ್ಲೆನಬಾ ಅಜ್ಜಿ.

ಅಷ್ಟರಲ್ಲಿ ಹೊರಗೆ ಗಾಡಿಯೊಂದು ಬಂದು ನಿಂತಿತು. ಯಾರೂ ಇಳಿಯಲಿಲ್ಲ. ನವಾಹೊ ಎಂಬ ಮೂಲನಿವಾಸಿಗಳ ಈ ನಾಡಿನಲ್ಲಿ ಬಂದವರು ಬಾಗಿಲು ಬಡಿಯುವುದಿಲ್ಲ. ಗಾಡಿಯಲ್ಲೇ ಕೂತಿರುತ್ತಾರೆ. ಮನೆಯವರು ತಮಗೆ ಅನುಕೂಲವಾದಾಗ ಹೊರಗೆ ಬಂದು ಕರೆಯುತ್ತಾರೆ.

ಅಜ್ಜಿ ಕಿಟಕಿಯಲ್ಲಿ ಇಣುಕಿದರು. "ಆರೋಗ್ಯದೋಳು ಬಂದಿದಾಳೆ. ಅರ್ಡಿತ್. ಸ್ವಲ್ಪ ಹೊತ್ತು ಕೂತಿರ್ಲಿ, ಅವಳಿಗೂ ಸುಸ್ತಾಗಿರುತ್ತೆ."

ಅರ್ಡಿತ್ ಊರೂರು ತಿರುಗಿ ಮನೆಮನೆಯ ಆರೋಗ್ಯ ವಿಚಾರಿಸುವ ಕಾರ್ಯಕರ್ತೆ. ಅಜ್ಜಿಯ ತಾಯಿಕುಲವೇ ಅವಳದೂ. ಆದ್ದರಿಂದ ಅವಳು ಅಜ್ಜಿಗೆ ಮಗಳು, ರೋಲಾಂಡಾಳಿಗೆ ಚಿಕ್ಕಮ್ಮ. ಒಳಗೆ ಬಂದವಳು ಎಲ್ಲರ ಕೈ ಮುಟ್ಟಿ, ಒಲೆಯ ಮೇಲಿನ ಮರಿಮಾಂಸದ ಸಾರನ್ನು ಒಂದು ಬಟ್ಟಲು ಕುಡಿದು, ಆಮೇಲೆ ಶಾರ್ಲೀನಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು.

"ಸ್ವಲ್ಪ ಮೇಲಿದೆ. ಗಡೀಲಿದೆ ಅನ್ನು. ಉಪ್ಪಿನ ಚಿಪ್ಸ್ ತಿಂತೀಯಾ?"

"ಇಲ್ಲ ಚಿಕ್ಕಮ್ಮ."

"ಮಂಚದ ಕೆಳಗೆ ಖಾಲಿ ಪೊಟ್ಟಣ ಕಾಣಿಸ್ತಿದೆ."

"ಅದು ರೋಲಾಂಡಾದು."

ರೋಲಾಂಡಾ ಅಕ್ಕನ ಕಡೆ ನೋಡಿದಳು. ಆ ನೋಟಕ್ಕೆ ಶಾರ್ಲೀನ್ ನಕ್ಕಳು.

ಅರ್ಡಿತ್ ಪಟ್ಟಿ ಮಡಚಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ಅಮ್ಮ, ಎಲ್ಲೋ ಒಂದು ಕಡೆ ಒಬ್ಬರು ಅಜ್ಜಿ ಇದ್ರಂತೆ."

"ಎಲ್ಲಿ?"

"ಎಲ್ಲೋ. ತುಂಬಾ ದೂರ. ಅವರ ಮನೇಲಿ ಒಬ್ಬಳು ಬಸುರಿ ಮೊಮ್ಮಗಳು."

"ಅವರ ಮನೆ ಮುಂದೂ ನೀಲಿ ನೀರಿನ ತೊಟ್ಟಿ ಇದ್ಯೋ?"

"ಇದ್ರೂ ಇರಬಹುದಮ್ಮ."

"ಮೂರು ಕಾಲಿನ ನಾಯಿ?"

ಶಾರ್ಲೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. ಆಗದಿರುವ ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಕರೆದ ಹಾಗೆ ಎದ್ದು ಬರುತ್ತದೆ ಎಂದು ಅವರು ನಂಬಿದವರು. ಊರಿನಲ್ಲಿ ಅನೇಕರು ಹಾಗೆಯೇ ನಂಬುತ್ತಾರೆ. ಅದಕ್ಕೇ ಅರ್ಡಿತ್ ಸುತ್ತುಬಳಸಿ ಹೊರಟಿದ್ದು.

"ಆ ದೂರದ ಅಜ್ಜಿ ಮನೆಗೆ ಅವಸರಕ್ಕೆ ಆಂಬುಲೆನ್ಸ್ ಬರಬೇಕಾದ್ರೆ..."

"ಬಿಡ್ತು ಅನ್ನು!" ಅಜ್ಜಿ ಉಣ್ಣೆ ಕೆಳಗಿಟ್ಟರು. "ಬಿಡ್ತು ಅನ್ನೇ ಮೊದಲು. ಬಸುರಿ ಎದುರು ಇದೇನು ಮಾತು?"

"ಬಿಡ್ತು," ಎಂದಳು ಅರ್ಡಿತ್.

ಹೊರಗೆ ಮಾಡಿನ ತಗಡು ಕಿರ್ರೆಂದಿತು. ಎಲ್ಲರ ತಲೆಯಲ್ಲೂ ಒಂದೇ ನೆನಪು ಹಾದುಹೋಯಿತು. ಹಳ್ಳದಾಚೆಯ ಎಟ್ಸಿಟಿ ಅಜ್ಜನಿಗೆ ಹಿಂದಿನ ವರ್ಷ ಎದೆನೋವು ಬಂದಾಗ ಅವರ ಸೊಸೆ ಫೋನಿನಲ್ಲಿ ದಾರಿ ಹೇಳಿದ್ದಳು: ರಸ್ತೆಯಲ್ಲಿ ದನಕುರಿ ದಾಟದಂತೆ ಕಬ್ಬಿಣದ ಸರಳು ಹಾಸಿದ ಮೂರನೇ ದಾಟು ಕಳೆದು, ಬಿಳಿ ಬಣ್ಣ ಬಳಿದ ಟೈರ್ ಹತ್ತಿರ ಎಡಕ್ಕೆ. ಇಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ಸಂಖ್ಯೆಯಿಲ್ಲ. ಕಾಗದಪತ್ರ ಬರುವುದು ಇಪ್ಪತ್ತೆರಡು ಮೈಲಿ ಆಚೆಯ ಅಂಚೆಪೆಟ್ಟಿಗೆಗೆ. ಆದ್ದರಿಂದ ಎಲ್ಲರೂ ಹಾಗೆಯೇ ದಾರಿ ಹೇಳುವುದು. ಆದರೆ ಆ ಟೈರನ್ನು ಅದೇ ವಾರ ಯಾರೋ ತಮ್ಮ ತಗಡಿನ ಮಾಡು ಹಾರಿಹೋಗದಂತೆ ಮೇಲಿಡಲು ಒಯ್ದಿದ್ದರು. ಆಂಬುಲೆನ್ಸ್ ಒಂದೂಮುಕ್ಕಾಲು ಗಂಟೆ ಮಣ್ಣುದಾರಿಗಳಲ್ಲಿ ಸುತ್ತಿತು. ಅಜ್ಜ ಬದುಕಿದರು. ಬಲಗೈ ಮಾತ್ರ ಈಗ ಭುಜದ ಮೇಲೆ ಏಳುವುದಿಲ್ಲ.

ಹೊರಗೆ ಗಾಳಿ ಜೋರಾಯಿತು. ಆ ಗದ್ದಲದ ನಡುವೆ ತುಂಬಾ ಹತ್ತಿರದಲ್ಲೇ ಪಿಕಪ್ ಗಾಡಿಯ ಹಾರ್ನ್ ಕೇಳಿತು.

"ಅಯ್ಯೋ!" ಅಜ್ಜಿ ಎದ್ದು ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಪರದೆಯ ಹಿಂದೆ ಓಡಿದರು. ಎಪ್ಪತ್ತನಾಲ್ಕರ ಕಾಲು ಅಷ್ಟು ಬೇಗ ಓಡುತ್ತದೆಂದು ಅರ್ಡಿತ್‌ಗೆ ಗೊತ್ತಿರಲಿಲ್ಲ.

ಬಂದದ್ದು ರೋಲಾಂಡಾಳ ಅಪ್ಪ ಹ್ಯಾರಿಸನ್, ಎರಡು ದಿನಕ್ಕೊಮ್ಮೆ ಪೀಪಾಯಿಗಳಲ್ಲಿ ನೀರು ತರುವವರು. ಅಜ್ಜಿಗೆ ಅಳಿಯ. ಹಳೆಯ ಪದ್ಧತಿಯಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು. ಈಗ ಕೆಲವರಷ್ಟೇ ಪಾಲಿಸುತ್ತಾರೆ, ಗ್ಲೆನಬಾ ಅಜ್ಜಿ ಇಪ್ಪತ್ತಾರು ವರ್ಷದಿಂದ ಪಾಲಿಸಿದ್ದರು. ಅದು ಜಗಳವಲ್ಲ, ಮರ್ಯಾದೆ. ಅತ್ತೆ ಮರೆಯಾಗಲೆಂದು ಹ್ಯಾರಿಸನ್ ದಿಬ್ಬದ ಮೇಲೇ ಹಾರ್ನ್ ಹೊಡೆಯುತ್ತಿದ್ದರು. ವಸಂತದ ಗಾಳಿ ಆ ಸದ್ದನ್ನು ಬೇರೆ ಕಡೆಗೆ ಒಯ್ಯುತ್ತಿತ್ತು.

"ಹೋದ ವಾರ ಹಾರ್ನ್ ಕೇಳಿಸ್ಲೇ ಇಲ್ಲ," ಎಂದಳು ಶಾರ್ಲೀನ್. "ಅಜ್ಜಿ ಅಂಗಳದಲ್ಲಿದ್ರು. ಕೈಗೆ ಸಿಕ್ಕಿದ್ದು ಹಿಟ್ಟಿನ ಚೀಲ. ಅದನ್ನೇ ತಲೆಗೆ ಹಾಕ್ಕೊಂಡ್ರು."

"ಒಳ್ಳೇ ಉಪಾಯ."

"ಖಾಲಿ ಚೀಲ ಅಲ್ಲ ಚಿಕ್ಕಮ್ಮ."

ಪರದೆಯ ಹಿಂದಿನಿಂದ, "ಎರಡು ದಿನ ಕಿವೀಲಿ ಹಿಟ್ಟಿತ್ತು," ಎಂದರು ಅಜ್ಜಿ.

ಹ್ಯಾರಿಸನ್ ನೀರು ಇಳಿಸಿ ಹೋದ ಮೇಲೆ ಅರ್ಡಿತ್ ತನ್ನ ಫೋನ್ ತೆಗೆದಳು. ಈ ಸಲ ಬೇರೆ ದಾರಿ ಹಿಡಿದಳು. "ಅಮ್ಮ, ಭಾವ ಒಪ್ಪಿದ್ರೆ, ಅವರ ಗಾಡಿ ಎಲ್ಲಿದೆ ಅಂತ ರೋಲಾಂಡಾ ಫೋನಲ್ಲೇ ಕಾಣೋ ಹಾಗೆ ಮಾಡಬಹುದು. ಒಪ್ಪಲೇಬೇಕು, ಒಪ್ಪದೋರನ್ನ ಹಾಗೆ ನೋಡೋದು ಕಳ್ಳತನ. ಅವರು ದಿಬ್ಬ ಹತ್ತೋ ಮೊದಲೇ ನಿಮಗೆ ಗೊತ್ತಾಗುತ್ತೆ."

ಪರದೆ ಸ್ವಲ್ಪ ಸರಿಯಿತು. "ಅವನಿಗೆ ನಾನು ಕಾಣ್ತೀನಾ?"

"ಇಲ್ಲ. ನೀವು ಅವರ ಮುಖ ನೋಡೋದೂ ಇಲ್ಲ. ಬರೀ ಒಂದು ಚುಕ್ಕಿ."

ಅಜ್ಜಿ ಫೋನಿನತ್ತ ಕತ್ತು ಚಾಚಿ ನೋಡಿದರು. "ಚುಕ್ಕಿ ಮುಖ ಅಲ್ಲ," ಎಂದರು ಕೊನೆಗೆ. "ಚುಕ್ಕಿ ನೋಡಬಹುದು."

ಹಾಗೆ ಫೋನಿಗೆ ಆ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು.

ಎರಡು ವಾರದಲ್ಲಿ ಅಜ್ಜಿಗೆ ಚುಕ್ಕಿಯ ಹುಚ್ಚು ಹಿಡಿಯಿತು. "ಚುಕ್ಕಿ ಎಲ್ಲಿದೆ ನೋಡೇ," ಎನ್ನುವರು ರೊಟ್ಟಿ ತಟ್ಟುತ್ತಾ. ಚುಕ್ಕಿ ಪಟ್ಟಣದ ಕಾಫಿ ಅಂಗಡಿಯ ಬಳಿ ಒಂದು ಗಂಟೆ ನಿಂತರೆ, "ಸೋಮಾರಿ," ಎನ್ನುವರು. ಮುಖ ನೋಡದ ಅಳಿಯನ ದಿನಚರಿಯೆಲ್ಲ ಅವರಿಗೆ ಬಾಯಿಪಾಠ. ಚುಕ್ಕಿ ಹತ್ತಿರ ಬಂದಾಗ ಆರಾಮಾಗಿ ಎದ್ದು, ಕಾಫಿ ಲೋಟ ಹಿಡಿದು, ಪರದೆಯ ಹಿಂದೆ ಹೋಗಿ ಕೂರುವರು. ಓಟವಿಲ್ಲ, ಹಿಟ್ಟಿಲ್ಲ.

ಅರ್ಡಿತ್ ಮುಂದಿನ ಸಲ ಬಂದಾಗ, ಊರಿನ ಮನೆಮನೆಗೂ ಹಾಕಿಸುತ್ತಿದ್ದ ನೀಲಿ ತಗಡಿನ ಫಲಕಗಳಲ್ಲಿ ಒಂದನ್ನು ತಂದಳು. ಅಂಗಳದ ನಡುವೆ ನಿಂತು, ರೋಲಾಂಡಾಳ ಫೋನಿನ ನಕ್ಷೆಯಲ್ಲಿ ಅವರ ಮನೆಯ ಮೇಲೆ ಬೆರಳು ಒತ್ತಿ ಹಿಡಿದಳು. ಕೆಳಗೆ ಒಂದು ಸಾಲು ಮೂಡಿತು. ಹತ್ತು ಅಕ್ಷರ-ಅಂಕಿಗಳು, ನಡುವೆ ಒಂದು ಕೂಡಿಸುವ ಚಿಹ್ನೆ.

"ಇದು ಈ ಜಾಗದ ಗುರುತು. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನ ಹೇಳಿದ್ರೆ ಯಾವ ಗಾಡಿಯೋರಾದ್ರೂ ನೇರ ಬಾಗಿಲಿಗೆ ಬರ್ತಾರೆ." ಅಜ್ಜಿಯ ಹುಬ್ಬು ಗಂಟಾದದ್ದು ಕಂಡು ಅವಳು ಕೂಡಲೇ ಸೇರಿಸಿದಳು, "ಹುಲ್ಲಿನ ಗಾಡಿ ಅಮ್ಮ. ಹುಲ್ಲಿನ ಗಾಡಿ, ಸೌದೆ ಗಾಡಿ."

"ಹುಲ್ಲಿನ ಗಾಡಿಗಾದ್ರೆ ಸರಿ."

ಬಿಳಿ ಬಣ್ಣದಲ್ಲಿ ಆ ಸಾಲನ್ನು ಫಲಕದ ಮೇಲೆ ಬರೆದು ಬಾಗಿಲ ಪಕ್ಕ ಮೊಳೆ ಹೊಡೆದರು. ರೋಲಾಂಡಾ ಅದರ ಫೋಟೊ ತೆಗೆದಿಟ್ಟುಕೊಂಡಳು. ಮುಂದಿನ ವಾರ ಹುಲ್ಲಿನ ಗಾಡಿ ನಿಜವಾಗಿಯೂ ಯಾರನ್ನೂ ಕೇಳದೆ ಬಂದು ನಿಂತಿತು. ಅಜ್ಜಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸಂಜೆ ಒದ್ದೆ ಬಟ್ಟೆಯಿಂದ ಫಲಕದ ಧೂಳು ಒರೆಸಿದರು. "ನಮ್ಮ ಮನೇದು," ಎಂದರು.

ಮೇ ಕೊನೆಗೆ ಬೆಟ್ಟದ ಮೇಲೆ ಹುಲ್ಲು ಬಂತು. ಪ್ರತಿ ವರ್ಷದಂತೆ ಕುರಿಗಳೊಂದಿಗೆ ಚಳಿಗಾಲದ ಮನೆ ಬಿಟ್ಟು ಬೇಸಿಗೆ ಮನೆಗೆ ಏರುವ ಹೊತ್ತು. ಬೇಸಿಗೆ ಮನೆಯೆಂದರೆ ಚಪ್ಪಟೆ ಬೆಟ್ಟದ ಮೇಲೆ ಒಂದು ಸಣ್ಣ ಮರದ ಕೋಣೆ, ಮುಂದೆ ಸೊಪ್ಪಿನ ಚಪ್ಪರ. ಕೆಳಗಿನ ಮನೆಯಿಂದ ಸುತ್ತುದಾರಿಯಲ್ಲಿ ಒಂಬತ್ತು ಮೈಲಿ. ಬರುವ ಗುರುವಾರ ಶಾರ್ಲೀನಳನ್ನು ಪಟ್ಟಣಕ್ಕೆ ಕರೆದೊಯ್ದು ಆಸ್ಪತ್ರೆಯ ಹತ್ತಿರವೇ ಇರಿಸುವುದೆಂದು ಅಪ್ಪ ಹೇಳಿದ್ದರು. ಅಲ್ಲಿಯ ತನಕ ಅವಳೂ ಜೊತೆಗೆ ಬಂದಳು.

ಹಾಸಿಗೆ, ಪಾತ್ರೆ, ಮಗ್ಗದ ಮರ ಎಲ್ಲ ಬಾಡಿಗೆ ಗಾಡಿಗೆ ಏರಿಸಿದ ಮೇಲೆ ಅಜ್ಜಿ ಸುತ್ತಿಗೆ ತೆಗೆದುಕೊಂಡು ಮನೆಯತ್ತ ವಾಪಸು ಹೋದರು. ಬಾಗಿಲ ಪಕ್ಕದ ಫಲಕವನ್ನು ಜೋಪಾನವಾಗಿ ಕಿತ್ತು, ಕಂಬಳಿಯಲ್ಲಿ ಸುತ್ತಿ ತಂದರು. ಬೆಟ್ಟದ ಮೇಲೆ ಚಪ್ಪರದ ಕಂಬಕ್ಕೆ ತಾವೇ ಮೊಳೆ ಹೊಡೆದರು. ದೂರ ನಿಂತು ನೋಡಿದರು. "ನೆಟ್ಟಗಿದ್ಯೇನೇ?"

ರೋಲಾಂಡಾಳಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಏನೋ ಸರಿಯಿಲ್ಲ. ಆದರೆ ಏನು? ಅಜ್ಜಿ ಇಷ್ಟು ಪ್ರೀತಿಯಿಂದ ತಂದದ್ದು. ಅವರಿಗಿಂತ ಹೆಚ್ಚು ತಿಳಿದವಳ ಹಾಗೆ ಮಾತಾಡುವುದು ಹೇಗೆ?

"ನೆಟ್ಟಗಿದೆ ಅಜ್ಜಿ," ಎಂದಳು.

ಆಮೇಲೆ ಎರಡು ದಿನ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುರಿಗಳ ಹಿಂದೆ ಹೋದವಳು ಅರ್ಧಕ್ಕೇ ಮರಳುವಳು. ಅಕ್ಕನ ಮುಖ ನೋಡುವಳು. ಬೆಳಿಗ್ಗೆ ಶಾರ್ಲೀನಳ ಕಣ್ಣಿನ ಸುತ್ತ ಊತ. ಬೆರಳಿನ ಉಂಗುರ ಕಳಚುತ್ತಿಲ್ಲ, ಸೋಪು ಹಚ್ಚಿದರೂ ಬರಲಿಲ್ಲ. ಹೇಳಬೇಕು. ಯಾರಿಗೆ? ಹೇಳಿದರೆ ಅಜ್ಜಿ ಬಿಡ್ತು ಅನ್ನು ಎನ್ನುತ್ತಾರೆ.

ಮಂಗಳವಾರ ಮಧ್ಯಾಹ್ನ ಶಾರ್ಲೀನ್ ರೊಟ್ಟಿಯ ತಟ್ಟೆ ಕೆಳಗಿಟ್ಟಳು.

"ತಲೆ ಸಿಡೀತಿದೆ ಕಣೇ. ಕಣ್ಣ ಮುಂದೆ ಏನೋ ಮಿಣಮಿಣ ಅಂತಿದೆ."

"ಹೊಟ್ಟೆ?"

"ಪಕ್ಕೆಲುಬಿನ ಕೆಳಗೆ ಹಿಡ್ಕೊಂಡಿದೆ. ಇಲ್ಲಿ."

ಅರ್ಡಿತ್ ಚಿಕ್ಕಮ್ಮ ಒಂದು ಸಲ ಗಾಡಿಯ ಹತ್ತಿರ, ಅಜ್ಜಿಗೆ ಕೇಳದಂತೆ, ರೋಲಾಂಡಾಳಿಗೆ ಹೇಳಿದ್ದಳು: ತಲೆನೋವು, ಕಣ್ಣ ಮುಂದೆ ಮಿಂಚು, ಮುಖ ಕೈ ಊತ, ಮೇಲುಹೊಟ್ಟೆ ನೋವು. ಇವು ಬಂದರೆ ಕಾಯಬಾರದು. ಒಂದು ಗಳಿಗೆಯೂ.

ರೋಲಾಂಡಾ ಬೆಟ್ಟದ ಅಂಚಿನ ಬಂಡೆಗೆ ಓಡಿದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವಳು ಜೀವಮಾನದಲ್ಲಿ ಗುರುತಿಲ್ಲದವರಿಗೆ ಫೋನ್ ಮಾಡಿದವಳಲ್ಲ. ಒಂಬತ್ತು, ಒಂದು, ಒಂದು. ಆಚೆ ಹೆಂಗಸಿನ ದನಿ. ರೋಲಾಂಡಾ ಹಲೋ ಎಂದಷ್ಟೇ ಹೇಳಿದಳು.

"ಹೇಳಮ್ಮ, ಕೇಳಿಸ್ತಿದೆ. ಏನಾಗಿದೆ?"

"ಅಕ್ಕ... ಎಂಟು ತಿಂಗಳು. ಕಣ್ಣ ಮುಂದೆ ಮಿಂಚು ಬರ್ತಿದೆಯಂತೆ."

"ಎಲ್ಲಿದೀರಾ? ಜಾಗದ ಗುರುತು ಇದ್ಯಾ?"

ಇದೆ! ಅವಳು ಫೋಟೊ ತೆಗೆದು ಒಂದೊಂದೇ ಅಕ್ಷರ ಓದಿದಳು. ಆಚೆಯವಳು ತಿರುಗಿ ಓದಿ ಹೇಳಿದಳು. "ಸಿಕ್ಕಿತು. ನಲವತ್ತು ನಿಮಿಷ. ಎಡಮಗ್ಗುಲಿಗೆ ಮಲಗಿಸು. ತಿನ್ನೋಕೆ ಏನೂ ಕೊಡಬೇಡ. ಫೋನ್ ಹತ್ತಿರ ಇರು."

ರೋಲಾಂಡಾ ಓಡಿ ಬಂದು ಅಕ್ಕನನ್ನು ಎಡಮಗ್ಗುಲಿಗೆ ತಿರುಗಿಸಿದಳು. ಅಜ್ಜಿ ಮೊಮ್ಮಗಳ ಕೈ ಹಿಡಿದು ಕೂತರು. ರೋಲಾಂಡಾ ಮತ್ತೆ ಬಂಡೆಗೆ ಓಡಿದಳು. ಮತ್ತೆ ಕೋಣೆಗೆ. ಮತ್ತೆ ಬಂಡೆಗೆ. ಇಪ್ಪತ್ತು ನಿಮಿಷ. ಮೂವತ್ತು. ನಲವತ್ತು ಕಳೆಯಿತು. ಬೆಟ್ಟದ ದಾರಿಯಲ್ಲಿ ಧೂಳಿಲ್ಲ.

ಕೆಳಗೆ ಬಯಲಿನಲ್ಲಿ ಧೂಳಿತ್ತು.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಚಳಿಗಾಲದ ಮನೆ. ಅದರ ಅಂಗಳದಲ್ಲಿ ಕೆಂಪು ಬೆಳಕೊಂದು ಮಿನುಗುತ್ತಾ ಸುತ್ತುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು.

ಫೋನ್ ಹೊಡೆದುಕೊಂಡಿತು. "ನಮ್ಮೋರು ಮನೆ ಹತ್ರಾನೇ ಇದಾರೆ. ಬಾಗಿಲಿಗೆ ಬೀಗ. ನೀವೆಲ್ಲಿದೀರಾ?"

ಎರಡು ದಿನದಿಂದ ಎದೆಯಲ್ಲಿ ಚುಚ್ಚುತ್ತಿದ್ದದ್ದು ಏನೆಂದು ರೋಲಾಂಡಾಳಿಗೆ ಆಗ ತಿಳಿಯಿತು. ಫಲಕ ಅಜ್ಜಿಯ ಜೊತೆ ಬೆಟ್ಟ ಹತ್ತಿತ್ತು. ಅದರ ಮೇಲೆ ಬರೆದ ಜಾಗ ಹತ್ತಿರಲಿಲ್ಲ.

ಅವಳು ನಕ್ಷೆ ತೆರೆದಳು. ತಾನು ನಿಂತ ನೀಲಿ ಚುಕ್ಕಿ, ಅದರ ಪಕ್ಕ ಕೋಣೆಯ ಮಾಡು. ಬೆರಳು ಒತ್ತಿದಳು. ಜಾರಿತು. ಮತ್ತೆ ಒತ್ತಿ ಹಿಡಿದಳು. ಹೊಸ ಸಾಲು ಮೂಡಿತು.

"ಬರ್ಕೊಳ್ಳಿ," ಎಂದಳು. ತನ್ನದೇ ದನಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. "ಮೊದಲನೇದು ತಪ್ಪು. ನಾವು ಬೇಸಿಗೆ ಮನೇಲಿದೀವಿ. ಬರ್ಕೊಳ್ಳಿ."

ಓದಿ ಮುಗಿಸಿದ ಮೇಲೆ ಇನ್ನೊಂದು ಯೋಚನೆ ಬಂತು. ಬೆಟ್ಟದ ದಾರಿಯಲ್ಲಿ ಮೂರು ಕವಲು. ನಡುವಿನದು ಹೋದ ಮಳೆಗೆ ಕೊಚ್ಚಿಹೋಗಿದೆ. ನಕ್ಷೆಗೆ ಅದು ಗೊತ್ತಿಲ್ಲ. ಅಪ್ಪನ ಚುಕ್ಕಿ ನೋಡಿದಳು. ಬೆಟ್ಟದ ಬುಡದ ಗಾಳಿಯಂತ್ರದ ಬಾವಿಯ ಹತ್ತಿರ, ನೀರು ತುಂಬಿಸುತ್ತಿದ್ದಾರೆ. ಕೂಡಲೇ ಅವರಿಗೆ ಫೋನ್ ಮಾಡಿದಳು.

"ಅಪ್ಪ, ನೀರು ಅಲ್ಲೇ ಬಿಟ್ಟುಬಿಡಿ. ಕವಲಿಗೆ ಹೋಗಿ ನಿಲ್ಲಿ. ಆಂಬುಲೆನ್ಸ್ ಬರುತ್ತೆ, ಎಡದ ದಾರೀಲಿ ಕರ್ಕೊಂಡು ಬನ್ನಿ."

"ಯಾರಿಗೇನಾಯ್ತೇ?"

"ಬನ್ನಿ ಅಪ್ಪ."

ಅವಳು ಕೋಣೆಗೆ ಓಡಿ ಬಂದಳು. "ಅಜ್ಜಿ, ಅಪ್ಪ ಬರ್ತಿದಾರೆ. ಇನ್ನು ಇಪ್ಪತ್ತೈದು ನಿಮಿಷ. ನೀವು ಆಚೆ ಹೋಗ್ತೀರಾ?"

ಶಾರ್ಲೀನ್ ಕಣ್ಣು ಮುಚ್ಚಿ ನರಳುತ್ತಿದ್ದಳು. ಅಜ್ಜಿ ಒಂದು ಕೈಯಿಂದ ಶಾಲನ್ನು ಮುಖದ ಮೇಲೆ, ಗಲ್ಲದ ತನಕ, ಎಳೆದುಕೊಂಡರು. ಇನ್ನೊಂದು ಕೈ ಮೊಮ್ಮಗಳ ಕೈಯಲ್ಲೇ ಇತ್ತು.

"ನಾನು ಎಲ್ಲಿಗೂ ಹೋಗಲ್ಲ," ಎಂದಿತು ಶಾಲಿನ ಒಳಗಿನ ದನಿ. "ಅವನಿಗೆ ಹೇಳು, ಗಾಡಿ ಹತ್ರ ನಿಂತು ಬೆಟ್ಟ ನೋಡ್ಲಿ."

ಹ್ಯಾರಿಸನ್ ಹಾಗೆಯೇ ಬೆಟ್ಟ ನೋಡುತ್ತಾ ನಿಂತರು, ಮಗಳನ್ನು ಸ್ಟ್ರೆಚರಿನಲ್ಲಿ ಏರಿಸುವ ತನಕ. ಅವರ ಭುಜ ಅಲುಗುತ್ತಿದ್ದದ್ದನ್ನು ರೋಲಾಂಡಾ ಮಾತ್ರ ನೋಡಿದಳು.

ಮಗು ಆ ಸಂಜೆಯೇ ಹುಟ್ಟಿತು. ಹೆಣ್ಣು. ಕಾಲಕ್ಕೆ ಮೊದಲೇ ಬಂದದ್ದರಿಂದ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಶಾರ್ಲೀನ್ ಮೂರನೆಯ ದಿನ ಎದ್ದು ಕೂತಳು. ರಕ್ತದೊತ್ತಡ ಏರಿ ಫಿಟ್ಸ್ ಬರುವ ಹಂತಕ್ಕೆ ಬಂದಿತ್ತು ಎಂದರು ಡಾಕ್ಟರು. "ಇನ್ನು ಅರ್ಧ ಗಂಟೆ ತಡ ಆಗಿದ್ರೆ..."

"ಬಿಡ್ತು ಅನ್ನಿ ಡಾಕ್ಟ್ರೇ," ಎಂದರು ಅಜ್ಜಿ.

ಡಾಕ್ಟರು ಅರ್ಥವಾಗದೆ ಅರ್ಡಿತ್ ಕಡೆ ನೋಡಿದರು. ಆಮೇಲೆ, "ಬಿಡ್ತು," ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ರೋಲಾಂಡಾ ಹೆಜ್ಜೆ ಹಾಕುತ್ತಲೇ ಇದ್ದಳು. ಅರ್ಡಿತ್ ಅವಳ ತೋಳು ಹಿಡಿದು ಕೂರಿಸಿದಳು.

"ಚಿಕ್ಕಮ್ಮ, ಅಜ್ಜಿ ಮೊಳೆ ಹೊಡೀವಾಗ್ಲೇ ನಂಗೆ ಅನ್ನಿಸಿತ್ತು. ನಾನು ಕೇಳ್ಲಿಲ್ಲ. ಒಂದು ಮಾತು ಕೇಳಿದ್ರೆ ಸಾಕಿತ್ತು."

"ನಾನೂ ಹೇಳ್ಲಿಲ್ವಲ್ಲ. ನಮಗೆಲ್ಲ ಎರಡೆರಡು ಮನೆ ಅಂತ ನಂಗೆ ಗೊತ್ತಿರ್ಲಿಲ್ವಾ? ನನ್ನ ಹೆತ್ತಮ್ಮನೂ ಫಲಕ ಕಿತ್ಕೊಂಡು ಬೆಟ್ಟ ಹತ್ತಿದಾರೆ. ನಿನ್ನೆ ಹೋಗಿ ನೋಡ್ದೆ."

ಪಕ್ಕದಲ್ಲಿ ಕೂತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದರು. "ನಾನು ಅದು ನಮ್ಮ ಹೆಸರು ಅನ್ಕೊಂಡಿದ್ದೆ," ಎಂದರು ಮೆಲ್ಲಗೆ. "ಮನೆ ಬಿಟ್ರೆ ಹೆಸರು ಬಿಟ್ಟು ಬರ್ತಾರಾ ಯಾರಾದ್ರೂ? ಅದು ನೆಲದ ಹೆಸರು ಅಂತ ಯಾರೂ ಹೇಳ್ಲಿಲ್ಲ." ಆಮೇಲೆ ಅರ್ಡಿತ್ ಕಡೆ ತಿರುಗಿ, "ಕೆಳಗಿನ ಮನೆಗೊಂದು ಮಾಡಿಸು. ಬೆಟ್ಟಕ್ಕೊಂದು. ಮರಿ ಹಾಕಿಸೋ ದೊಡ್ಡಿಗೂ ಒಂದು. ಕೀಳೋಕಾಗದ ಮೊಳೆ ತಗೊಂಡು ಬಾ," ಎಂದರು.

ಇಲ್ಲಿ ಕಥೆ ನಿಲ್ಲಿಸಿ ಒಂದು ಮಾತು. ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲೂ ಹಲವರಿಗೆ ಎರಡು ಮನೆ ಇರಬಹುದು. ಊರೊಳಗೆ ಒಂದು, ಹೊಲದಲ್ಲೋ ದೊಡ್ಡಿಯಲ್ಲೋ ಇನ್ನೊಂದು. ಕೈಯಲ್ಲಿ ಫೋನಂತೂ ಇದೆ. ಇವತ್ತೇ ಆ ಜಾಗದಲ್ಲಿ ನಿಂತು ನಕ್ಷೆ ತೆರೆಯಿರಿ, ನಿಮ್ಮ ಮಾಡಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಬಂದ ಗುರುತನ್ನು ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ಅದು ಕಾಣುತ್ತದೆ. ಪ್ರತಿ ಜಾಗಕ್ಕೂ ಬೇರೆ ಗುರುತು. ಜಾಗ ಬಿಟ್ಟರೆ ಅದನ್ನು ಅಲ್ಲೇ ಬಿಡಿ. ದಾರಿ ಕೆಟ್ಟಿದ್ದರೆ ಗೊತ್ತಿರುವವರೊಬ್ಬರನ್ನು ಕವಲಿನಲ್ಲಿ ನಿಲ್ಲಿಸಿ. ಮತ್ತು ಮನೆಯಲ್ಲಿ ಬಸುರಿಯಿದ್ದು, ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಂಚುತ್ತಿದೆ ಎಂದರೆ ಗುರುವಾರದ ತನಕ ಕಾಯಬೇಡಿ.

ಜೂನ್ ತಿಂಗಳ ಊರಸಭೆಯಲ್ಲಿ ಅರ್ಡಿತ್ ಮಾತು ಮುಗಿಸಿ ಮೈಕನ್ನು ರೋಲಾಂಡಾಳ ಕೈಗೆ ಕೊಟ್ಟುಬಿಟ್ಟಳು. ಸಭಾಮನೆಯಲ್ಲಿ ಅರವತ್ತು ಜನ. ಹಿಂದಿನ ಸಾಲಿನಲ್ಲಿ ಟೋಪಿ ಮೊಣಕಾಲ ಮೇಲಿಟ್ಟ ಗಂಡಸರು, ಮುಂದೆ ಅಜ್ಜಿಯರು, ಕಾಫಿಯ ಹಬೆ. ಯಾರೂ ಅವಳನ್ನು ನೇರ ನೋಡಲಿಲ್ಲ. ದಿಟ್ಟಿಸಿ ನೋಡುವುದು ಅಲ್ಲಿ ಮರ್ಯಾದೆಯಲ್ಲ. ಅವಳು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾನು ಗ್ಲೆನಬಾ ಅವರ ಮೊಮ್ಮಗಳು," ಎಂದಳು. "ಇಲ್ಲಿ ಎಷ್ಟು ಜನದ ಫಲಕ ಈಗ ಬೆಟ್ಟದ ಮೇಲಿದೆ ಅಂತ ನಂಗೆ ಗೊತ್ತಿಲ್ಲ. ನಮ್ಮದಿತ್ತು. ನಾಳೆಯಿಂದ ನಾನೇ ನಿಮ್ಮ ನಿಮ್ಮ ಮನೆ ಹತ್ರ ಬರ್ತೀನಿ, ಚಿಕ್ಕಮ್ಮನ ಗಾಡೀಲಿ ಕೂತು ಕಾಯ್ತೀನಿ. ಎರಡನೇ ಮನೆ ಇರೋರು ಈಗ ಒಂದ್ಸಲ ಕೈ ಎತ್ತಿ."